ಮಗಳಿಗೆ ಮನೆಗೆಲಸ, ನನಗೆ ಪರೀಕ್ಷೆ

ದಿನಕ್ಕೊಂದು ಎಡವಟ್ಟು ಆಗದಿದ್ದರೆ ನಮ್ಮನೆಯಲ್ಲಿ ಯಾರಿಗೂ ಉಂಡದ್ದು ಅರಗುವುದಿಲ್ಲ ಅಂತ ಕಾಣ್ತದೆ. ಈ ವರ್ಷದ ಎಡವಟ್ಟುಗಳಿಗೆಲ್ಲ ಮೂಲ ನನ್ನ ಮಗಳ ಲೆಕ್ಕ.

ಶಾಲೆ ಶುರುವಾದ ಹೊಸತರಲ್ಲೇ ಟೀಚರ್ ನನ್ನನ್ನು ಕರೆಸಿದರು. "ಒಂದನೇ ಕ್ಲಾಸಿಗೆ ಕೂರಿಸಿದ್ದೇವೆ, ಆದ್ರೆ ಲೆಕ್ಕದಲ್ಲಿ ತುಂಬ ಹಿಂದೆ. ಚೌತಿ ರಜೆ ಕಳೆದ ಮೇಲೆ ನಾನೇ ಕೇಳಿ ನೋಡ್ತೇನೆ. ಆಗದಿದ್ರೆ ವಾಪಸ್ ಯುಕೆಜಿಗೆ."

ಪಕ್ಕದ ಮನೆ ಹುಡುಗಿ ಹಲ್ಲುಜ್ಜುತ್ತಾ ಮಗ್ಗಿ ಹೇಳ್ತದೆ, ಮಾರಾಯ್ರೆ! "ಟ್ಯೂಷನ್ನಿಗೆ ಹಾಕ್ಲಾ ಟೀಚರ್?" ಅಂತ ಕೇಳಿದೆ.

"ಬೇಡವೇ ಬೇಡ. ಮನೆ ಕೆಲಸ ಮಾಡಿಸಿ. ಅಕ್ಕಿ ಅಳೆಸಿ, ಅಜ್ಜಿಗೆ ಮಾತ್ರೆ ಕೊಡಿಸಿ, ಪಾಲು ಮಾಡಿಸಿ. ಲೆಕ್ಕ ತಾನಾಗಿ ಬರ್ತದೆ."

ಅವರು ಹೇಳಿ ಬಿಟ್ಟರು. ಅನುಭವಿಸಿದವಳು ನಾನು.

ಗಂಜಿ

ಮೊದಲು ಅಕ್ಕಿ. ಒಲೆ ಮೇಲೆ ಇಡುವ ದೊಡ್ಡ ಪಾತ್ರೆಯನ್ನೇ ಮಗಳ ಮುಂದೆ ಇಟ್ಟು, "ನಾಲ್ಕ್ ಲೋಟ ಕುಚ್ಚಲಕ್ಕಿ ಹಾಕ್. ಎಣ್ಸಿ ಹಾಕ್" ಅಂದೆ. ನಾನು ಜಗಲಿಯಲ್ಲಿ ಕೂತು ಹರಿದ ಬಲೆ ಕಟ್ಟುತ್ತಿದ್ದೆ. ನಮ್ಮವರು ದೋಣಿಗೆ ಹೋಗುವವರು, ಮನೆಯಲ್ಲಿ ಬಲೆ ಕಟ್ಟುವುದು ನನ್ನ ಕೆಲಸ.

ಒಳಗಿಂದ ಕೂಗು ಬಂತು. "ಅಮ್ಮಾ, ಲೆಕ್ಕ ತಪ್ಪಿತ್!"

"ತಪ್ರೆ ಸುರುವಿಂದ ಎಣ್ಸ್."

ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕೂಗು. ನಾನೂ ಅದೇ ಉತ್ತರ ಕೊಟ್ಟೆ. ಪಾಪ, ಹಟ ಬಿಡದೆ ಎಣಿಸ್ತದೆ ಅಂತ ಒಳಗೊಳಗೇ ಹೆಮ್ಮೆ ಬೇರೆ. ಒಳಗೆ ಹೋಗಿ ನೋಡಿದರೆ ಪಾತ್ರೆ ತುಂಬಿ ನೆಲಕ್ಕೂ ಅಕ್ಕಿ ಬಿದ್ದಿದೆ. ಪ್ರತಿ ಸಲವೂ ಒಂದರಿಂದ ಎಣಿಸಿದ್ದಾಳೆ, ಹಾಕಿದ್ದನ್ನು ಮಾತ್ರ ತೆಗೆದಿಲ್ಲ. ಅಷ್ಟೇ ಅಲ್ಲ, ಜಾಣೆ ಅನ್ನಿಸಿಕೊಳ್ಳಲಿಕ್ಕೆ ಎರಡು ಚೊಂಬು ನೀರನ್ನೂ ಹೊಯ್ದು ನೆನೆಸಿ ಇಟ್ಟಿದ್ದಾಳೆ.

ಆ ವಾರವಿಡೀ ಯಾರು ಬಂದರೂ "ಗಂಜಿ ಉಂಡ್ಕಂಡ್ ಹೋಯ್ನಿ" ಅಂತ ನಾನೇ ಕೈ ಹಿಡಿದು ಕೂರಿಸಿದೆ. ಕರೆಂಟ್ ಬಿಲ್ ಕೊಡಲು ಬಂದವನೂ ಎರಡು ಸಲ ಬಡಿಸಿಕೊಂಡು ಉಂಡು, "ಅಕ್ಕ, ಮನೆಯಲ್ಲಿ ಎಂತ ಕಾರ್ಯಕ್ರಮ?" ಅಂತ ಕೇಳಿದ.

ಸೂರ್ಯನ ಮಾತ್ರೆ

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಕೋಲು ಹಿಡಿದೇ ನಡೆಯುವುದು. ಬಿಪಿ ಬೇರೆ. ಮಾತ್ರೆ ಅಂದರೆ ಮಾತ್ರ ಮಗುವಿಗಿಂತ ಕಡೆ. ಮಗಳಿಗೆ ಗೊತ್ತಾಗಲಿ ಅಂತ ಬೆಳಗಿನ ಮಾತ್ರೆ ಡಬ್ಬಿಗೆ ಸೂರ್ಯನ ಚಿತ್ರ, ರಾತ್ರಿಯದಕ್ಕೆ ಚಂದ್ರನ ಚಿತ್ರ ಬರೆದು ಅಂಟಿಸಿದೆ. "ಸೂರ್ಯ ಬಂದಾಗ ಇದು, ಚಂದ್ರ ಬಂದಾಗ ಅದು. ನಾನೇ ತೆಗ್ದ್ ಕೈಗ್ ಕೊಡ್ತೆ, ನೀನ್ ನೆನ್ಪ್ ಮಾಡ್."

ಮೊದಮೊದಲು ಚೆಂದ ನಡೆಯಿತು. ಆಮೇಲೆ ಹಿಡಿಯಿತು ನೋಡಿ ಮಳೆ, ಹಗಲೇ ಕತ್ತಲೆ. ಒಂದು ಬೆಳಿಗ್ಗೆ ಇವಳು ಬಾಗಿಲಲ್ಲಿ ನಿಂತು ಆಕಾಶ ನೋಡುತ್ತಿದ್ದಾಳೆ. ಅಜ್ಜಿ ಮಾತ್ರೆ ಎಲ್ಲಿ ಅಂತ ಕೇಳಿದರೆ, "ಸೂರ್ಯ ಬರ್ಲಿಲ್ಲ ಅಮ್ಮ" ಅಂದಳು.

"ಸೂರ್ಯ ಬರ್ದಿದ್ರೆ ಅಜ್ಜಿ ಬಿಪಿ ಬತ್ತಿಲ್ಯಾ?" ಅಂತ ಕೂಗಿ ಮಾತ್ರೆ ಹಿಡಿದು ಓಡಿದೆ.

ಅತ್ತೆ ಚಾದರ ಎಳೆದುಕೊಂಡು ಹಾಯಾಗಿ ಮಲಗಿದ್ದರು. "ಹೆಣ್ಣೇ, ಮಗು ಹೇಳುದ್ ಸಮ ಇತ್ತ್. ನೀ ಬರ್ದ ಚಿತ್ರ ಅಲ್ದಾ? ಮಳೆ ಬಿಡ್ಲಿ, ಕಾಂಬ."

ಅವತ್ತೇ ಎರಡೂ ಚಿತ್ರ ಕಿತ್ತು ಒಲೆಗೆ ಹಾಕಿದೆ. ಅತ್ತೆ ಉಪ್ಪಿನಕಾಯಿ ನೆಂಚಿಕೊಂಡು ಅಂತೂ ಮಾತ್ರೆ ನುಂಗಿದರು. ಅಜ್ಜಿ ಮೊಮ್ಮಗಳು ಇಬ್ಬರೂ ಸೇರಿ ನನ್ನ ಮೇಲೆ ಮುನಿಸಿಕೊಂಡು ಕೂತರು.

ಪಾಲು

ಚೌತಿ ಹತ್ತಿರ ಬಂದ ಹಾಗೆ ನನಗೆ ನಿದ್ದೆ ಹಾರಿಹೋಯಿತು. ಪಾಲು ಕಲಿಸುವುದು ಬಾಕಿ ಇತ್ತು. ನಮ್ಮವರು, "ಅದ್ ನಾ ಕಲಿಸ್ತೆ, ನೀ ಸುಮ್ನೆ ಕೂಕೋ" ಅಂತ ರಜೆಯ ದಿನಗಳಲ್ಲಿ ಅವಳನ್ನು ಕಡಲ ದಡಕ್ಕೆ ಕರಕೊಂಡು ಹೋದರು. ಏನು ಕಲಿಸಿದಿರಿ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ರಜೆ ಕಳೆದು ಶಾಲೆಗೆ ಹೋದೆವು. ಟೀಚರ್ ಮೇಜಿನ ಮೇಲೆ ಹನ್ನೆರಡು ಹುಣಸೆ ಬೀಜ ಇಟ್ಟರು. "ಇದು ಚಾಕ್ಲೇಟ್ ಅಂತ ತಿಳ್ಕೊ. ನಿಮ್ಮನೇಲಿ ನಾಲ್ಕು ಜನ ಅಲ್ವಾ? ಎಲ್ಲರಿಗೂ ಸಮ ಪಾಲು ಮಾಡು."

ನಾನು ಮೂಲೆಯಲ್ಲಿ ಸೆರಗು ಹಿಂಡುತ್ತಾ ಮೂರು, ಮೂರು ಅಂತ ಮನಸ್ಸಲ್ಲೇ ಜಪ ಮಾಡುತ್ತಿದ್ದೆ. ಇವಳು ಎರಡೆರಡು ಬೀಜದ ಆರು ಗುಂಪು ಮಾಡಿದಳು. ಮುಗಿಯಿತು ಕಥೆ, ಯುಕೆಜಿಯೇ ಗತಿ ಅಂದುಕೊಂಡೆ.

"ಆರು ಯಾಕೆ ಪುಟ್ಟ?"

"ಅಪ್ಪಯ್ಯಂಗೆ, ಅಮ್ಮಂಗೆ, ಅಜ್ಜಿಗೆ, ನಂಗೆ. ಇದ್ ದೋಣಿ ಪಾಲು. ಇದ್ ಬಲೆ ಪಾಲು."

ನಮ್ಮಲ್ಲಿ ಮೀನು ಪಾಲು ಮಾಡುವುದೇ ಹಾಗೆ. ದುಡಿದವರಿಗಷ್ಟೇ ಅಲ್ಲ, ದೋಣಿಗೂ ಬಲೆಗೂ ಪಾಲು ಉಂಟು. ಅದನ್ನೇ ಅವಳಪ್ಪ ಕಲಿಸಿದ್ದಾರೆ. ಟೀಚರ್ ನಗು ತಡೆದುಕೊಂಡು, "ದೋಣಿ ಚಾಕ್ಲೇಟ್ ತಿಂತದಾ?" ಅಂತ ಕೇಳಿದರು.

"ಇಲ್ಲ ಟೀಚರ್, ದೋಣಿ ಯಾರ್ದೋ ಅವ್ರಿಗೆ. ಬೀಜ ನಿಮ್ದಲ್ದಾ? ದೋಣಿ ಪಾಲು ನಿಮ್ಗೆ, ತಕಣಿ." ಎರಡು ಬೀಜ ಟೀಚರ್ ಕಡೆಗೆ ತಳ್ಳಿದಳು. "ಬಲೆ ಕಟ್ಟುದ್ ಅಮ್ಮ. ಬಲೆ ಪಾಲು ಅಮ್ಮಂಗೆ."

"ಹಾಗಾದ್ರೆ ಅಮ್ಮಂಗೆ ಈಗ ಎಷ್ಟಾಯ್ತು?"

"ನಾಲ್ಕ್."

"ಅಪ್ಪಂಗಿಂತ ಎಷ್ಟು ಜಾಸ್ತಿ?"

"ಎರಡ್." ಬೆರಳು ಕೂಡ ಮಡಚಲಿಲ್ಲ.

ಟೀಚರ್ ಬಿದ್ದು ಬಿದ್ದು ನಕ್ಕರು. "ಇವಳು ಒಂದನೇ ಕ್ಲಾಸಲ್ಲೇ ಇರ್ಲಿ. ನೀವು ಇನ್ನಾದ್ರೂ ನಿದ್ದೆ ಮಾಡಿ" ಅಂದರು. ಅಷ್ಟು ದಿನದ ಹೆದರಿಕೆಯೆಲ್ಲ ಒಮ್ಮೆಲೇ ಕರಗಿ ನನಗೆ ಅಲ್ಲೇ ಅಳು ಬಂತು. ಸೆರಗಲ್ಲಿ ಮುಖ ಮುಚ್ಚಿಕೊಂಡೆ.

ಮಗಳು ನನ್ನನ್ನು ನೋಡಿದಳು, ಬೀಜಗಳನ್ನು ನೋಡಿದಳು. ಆಮೇಲೆ ಟೀಚರ್ ಮುಂದಿದ್ದ ಎರಡು ಬೀಜವನ್ನೂ ಬಾಚಿ ತಂದು ನನ್ನ ಕೈಯಲ್ಲಿ ಹಾಕಿದಳು.

"ಮರ್ಕಬೇಡ ಅಮ್ಮ, ಅಳ್ಬೇಡ. ಸಾಲ್ದಿದ್ರೆ ದೋಣಿ ಪಾಲೂ ನೀನೇ ತಕೋ. ಟೀಚರಿಗೆ ನಾಳೆ ಮೀನ್ ಕೊಡ್ವ."