ದೂಜಣ್ಣನ ಬರುವ ಮಾಲು

ಬೈಕುಲ್ಲಾದ ಕುಚ್ಚಲಕ್ಕಿ ವ್ಯಾಪಾರಿ ದೂಜಣ್ಣನ ಗ್ರಹಚಾರ ಕೆಟ್ಟದ್ದು ಹೊಸ ಸಾಫ್ಟ್‌ವೇರ್ ಕೇಳಿದ ಒಂದೇ ಪ್ರಶ್ನೆಯಿಂದ. ಆರ್ಡರ್ ಬಂದಾಗ ಮಾಲು ಇದೆಯೇ ಎಂದು ಹೇಗೆ ನೋಡಬೇಕು? ಗೋದಾಮಿನಲ್ಲಿರುವುದನ್ನು ಮಾತ್ರವೋ, ದಾರಿಯಲ್ಲಿ ಬರುತ್ತಿರುವುದನ್ನೂ ಸೇರಿಸಿಯೋ?

“ಮೊದಲ್ದು ಸೇಫ್ ಪಪ್ಪ,” ಎಂದಳು ಮಗಳು ಯಕ್ಷಿತಾ. “ಗೋದಾಮಲ್ಲಿ ಇದ್ರೆ ಮಾತ್ರ ಗಿರಾಕಿಗೆ ತಾನಾಗಿಯೇ ಹಾಂ ಹೇಳ್ತದೆ.”

ದೂಜಣ್ಣನಿಗೆ ಮೈ ಉರಿಯಿತು. ಅಂಗಡಿ ಇಟ್ಟಂದಿನಿಂದ ಅವನು ಗಿರಾಕಿಗೆ ‘ಇಲ್ಲ’ ಅಂದವನಲ್ಲ. ಅದಕ್ಕೆಂದೇ ಊರವರ ಸಂಘ ಆ ಸಂಜೆ ಘಾಟ್ಕೋಪರಿನಲ್ಲಿ ಅವನಿಗೆ ಶಾಲು ಹೊದಿಸುವುದಿತ್ತು.

“ಉಡುಪಿಯಿಂದ ಹೊರಟ ಲಾರಿ ನನ್ನದಲ್ವಾ? ಅದನ್ನೂ ಸೇರಿಸು ಮಗಾ. ಗೋದಾಮು ಖಾಲಿ ಅಂತ ಕಂಪ್ಯೂಟರ್ ಊರಿಗೆಲ್ಲ ಸಾರ್ಲಿಕ್ಕೆ ನಾನು ಬಿಡುವುದಿಲ್ಲ.”

ಸೇರಿಸಿದ್ದೇ ತಡ, ಸಂಘದ ಅಧ್ಯಕ್ಷೆ ಶೀಲಾವತಿಯ ಆರ್ಡರ್ ಬಂತು. ಸನ್ಮಾನದ ಊಟಕ್ಕೆ ಹತ್ತು ಮೂಟೆ, ಮಧ್ಯಾಹ್ನದೊಳಗೆ. ಕಂಪ್ಯೂಟರ್ ‘ಇದೆ’ ಎಂದಿತು. ದೂಜಣ್ಣ ಎದೆಯುಬ್ಬಿಸಿ ಫೋನ್ ಮಾಡಿದ. “ನೀರು ಒಲೆಗಿಡಿ ಅಕ್ಕ. ಅಕ್ಕಿ ಬಂತು ಅಂತಲೇ ತಿಳ್ಕೊಳ್ಳಿ.”

ಅವನು ಫೋನ್ ಕೆಳಗಿಡುವಷ್ಟರಲ್ಲಿ ಲಾರಿ ಡ್ರೈವರನ ಫೋನ್. ಚಿಪ್ಳೂಣ್ ಹತ್ತಿರ ಆ್ಯಕ್ಸಲ್ ಮುರಿದಿದೆ, ಇವತ್ತು ಲಾರಿ ಅಲುಗುವುದಿಲ್ಲ.

“ಪಪ್ಪ, ಲಾರಿ ಕಂಪ್ಯೂಟರಿಂದ ತೆಗೀಲಾ?”

“ಮುಟ್ಟಬೇಡ. ಕೆಟ್ಟರೂ ಅದು ನನ್ನ ಲಾರಿಯೇ.”

ಪಕ್ಕದ ಮಸಾಲೆ ಅಂಗಡಿಯ ಹಿತೇಶ್ ಕರೆಯದೆಯೇ ಒಳಗೆ ಬಂದ. ಈ ಓಣಿಯಲ್ಲೇ ಹುಟ್ಟಿ ಬೆಳೆದ ಅವನಿಗೆ ಕನ್ನಡವೂ ಬರುತ್ತದೆ, ಎಲ್ಲರ ಗುಟ್ಟೂ ಬರುತ್ತದೆ. “ಸೇಠ್, ಘಾಟ್ಕೋಪರಿನ ನವೀನಗೆ ಕೇಳಿ. ಆತ ಕೊಡ್ತಾನೆ.”

ನವೀನ ಮೊದಲು ಇದೇ ಅಂಗಡಿಯಲ್ಲಿ ಮೂಟೆ ಹೊತ್ತವನು, ಈಗ ಎದುರಾಳಿ. ಅವನ ಮುಂದೆ ಕೈಯೊಡ್ಡುವುದಕ್ಕಿಂತ ಸಮುದ್ರಕ್ಕೆ ಹಾರುವುದು ಲೇಸೆಂದು ದೂಜಣ್ಣನಿಗೆ ಅನಿಸಿತು. ಕೊನೆಗೆ ಹಿತೇಶನ ಹೆಸರಿನಲ್ಲಿ, ಹಿತೇಶನ ವಿಳಾಸಕ್ಕೇ ಆರ್ಡರ್ ಹಾಕಿಸಿದ. ಮರುಕ್ಷಣವೇ ನವೀನನ ಕಡೆಯಿಂದ ಉತ್ತರ ಬಂತು: ‘ಇದೆ, ಕಳಿಸುತ್ತೇವೆ.’

ದೂಜಣ್ಣ ಇಸ್ತ್ರಿ ಅಂಗಿ ತೊಟ್ಟು, ಗಲ್ಲಾದ ಮೇಲೆ ಕೂತ. ಮಧ್ಯಾಹ್ನವಾದರೂ ಅಕ್ಕಿ ಕಾಣದೆ ಶೀಲಾವತಿಯೇ ಟ್ಯಾಕ್ಸಿಯಲ್ಲಿ ಬಂದಿಳಿದಳು.

“ಎಂತ ದೂಜಣ್ಣ, ಅಲ್ಲಿ ನೀರು ಕುದಿದು ಕುದಿದು ಆರ್ತಾ ಉಂಟು. ಅಕ್ಕಿ ಉಂಟಾ, ಇಲ್ವಾ?”

“ಈ ಅಂಗಡಿಯಲ್ಲಿ ಆ ಎರಡನೇ ಮಾತು ಇಲ್ಲ ಅಕ್ಕ,” ಎಂದ ದೂಜಣ್ಣ. ಅಷ್ಟರಲ್ಲಿ ನವೀನನ ಟೆಂಪೋ ಬಂದು ನಿಂತಿತು. ದೂಜಣ್ಣನಿಗೆ ಸಂತೋಷ ತಡೆಯಲಾಗಲಿಲ್ಲ. ಗುಟ್ಟು ಗಿಟ್ಟು ಎಲ್ಲ ಮರೆತು, ಶೀಲಾವತಿಯನ್ನು ಟೆಂಪೋದ ಹಿಂದಕ್ಕೆ ಕರೆದೊಯ್ದು, ತಾನೇ ಟಾರ್ಪಾಲು ಸರಿಸಿದ.

ಒಳಗೆ ಒಂದು ಕಾಳೂ ಇರಲಿಲ್ಲ.

ಡ್ರೈವರ್ ಇಳಿದು ಬಂದ. “ದೂಜಣ್ಣ, ಹತ್ತು ಮೂಟೆ ಬೇಗ ಹಾಕಿಸಿ. ನಿಮ್ಮಲ್ಲಿ ತುಂಬಿಸಿ ಪಕ್ಕದ ಹಿತೇಶ್ ಸೇಠರ ಅಂಗಡಿಯಲ್ಲಿ ಇಳಿಸ್ಲಿಕ್ಕೆ ನವೀನಣ್ಣ ಹೇಳಿದ್ದಾರೆ. ನವೀನಣ್ಣನಲ್ಲಿ ಅಕ್ಕಿ ಮುಗಿದಿದೆ. ನಿಮಗೆ ಆರ್ಡರ್ ಹಾಕಿದ್ರಂತೆ, ನಿಮ್ಮ ಕಂಪ್ಯೂಟರ್ ಉಂಟು ಅಂತ ಹೇಳಿತಂತೆ.”

ಎಲ್ಲರೂ ಯಕ್ಷಿತಾಳ ಕಡೆ ತಿರುಗಿದರು. ಅವಳು ಪರದೆ ನೋಡಿದಳು.

“ಹಾಂ ಪಪ್ಪ,” ಎಂದಳು. “ಕಂಪ್ಯೂಟರ್ ಹೇಳಿದೆ.”