ಪರದೆಯ ಹಿಂದಿನ ಕ್ಯಾಮರಾ

ಟೀಸಿ ಸಾಹೇಬರನ್ನು ನಾನು ಮೊದಲು ಕಂಡದ್ದು ರೈಲಿನಲ್ಲಿ. ಆಗ ನಾನಿನ್ನೂ ಶಾಲೆಯಲ್ಲಿ ವ್ಯಾಕರಣ ಕಲಿಸುತ್ತಿದ್ದೆ. ಜೇಬಿನಲ್ಲಿ ಸರಿಯಾದ ಟಿಕೆಟ್ ಇತ್ತು, ಮನಸ್ಸಿನಲ್ಲಿ ಯಾವ ಕಳ್ಳತನವೂ ಇರಲಿಲ್ಲ. ಆದರೂ ಆ ಕಪ್ಪು ಕೋಟು ಡಬ್ಬಿಯ ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ನನ್ನ ಅಂಗೈ ಬೆವರಿತು, ನಾಲಗೆ ಒಣಗಿತು. ಅವಸರದಲ್ಲಿ ಅವರ ಕೈಗೆ ನಾನು ಕೊಟ್ಟದ್ದು ಕನ್ನಡಕದ ಪೆಟ್ಟಿಗೆ! ಅವರು ಅದನ್ನು ತೆರೆದು, ಕನ್ನಡಕವನ್ನು ಗಂಭೀರವಾಗಿ ಪರೀಕ್ಷಿಸಿ, ಮುಚ್ಚಿ ಮರಳಿಸಿದರು.

“ಗಾಬರಿ ಬೇಡಿ ಸಾರ್. ಏನೂ ತಪ್ಪು ಮಾಡದವರೂ ಈ ಕೋಟು ಕಂಡ್ರೆ ಬೆವರ್ತಾರೆ. ಒಳಗೆ ಯಾರಿದ್ದಾರೆ ಅಂತ ಯಾರು ನೋಡ್ತಾರೆ? ಹೆದರಿಕೆ ಒಂದಿದ್ರೆ ಸಾಕು, ಬೇರೆ ಕಾವಲೇ ಬೇಡ!”

ನಿವೃತ್ತರಾದ ಮೇಲೆ ಅವರು ನಮ್ಮ ಎದುರು ಮನೆಗೇ ಬಂದರು. ಕೋಟು ಕಪಾಟು ಸೇರಿತು, ಸಿದ್ಧಾಂತ ಮಾತ್ರ ನಿವೃತ್ತಿಯಾಗಲಿಲ್ಲ.

ಟೀಸಿಯವರ ಹೆಂಡತಿಗೆ ಜೀವನದಲ್ಲಿ ಒಂದೇ ಒಂದು ಆಸೆ. ಅಕ್ಕನ ಜೊತೆ ಹೋಗಿ ಸಮುದ್ರ ನೋಡಬೇಕು. ಲೋಕದ ಜನರನ್ನೆಲ್ಲ ಆ ಊರಿನಿಂದ ಈ ಊರಿಗೆ ಮುಟ್ಟಿಸಿದ ಮಹಾನುಭಾವರು ಕಟ್ಟಿಕೊಂಡವಳನ್ನು ಮಾತ್ರ ಎಲ್ಲಿಗೂ ಕರೆದೊಯ್ದವರಲ್ಲ. ಕಾರಣ ಕೇಳಿದರೆ ಒಂದೇ ಪಲ್ಲವಿ.

“ಮನೆಗೆ ಬೀಗ ಹಾಕಿ ಹೋದ್ರೆ ಕಳ್ಳನನ್ನ ನಾವೇ ಕೈಹಿಡಿದು ಕರೆದ ಹಾಗೆ ಆಗುತ್ತೆ ಕಣೇ!”

“ರೀ, ಕಳ್ಳ ಬಂದು ಒಯ್ಯೋ ಅಂಥದ್ದು ನಮ್ಮ ಮನೇಲಿ ಏನಿದೆ?”

“ಹಾಗಂತ ಗಟ್ಟಿಯಾಗಿ ಹೇಳ್ಬೇಡ! ಕೇಳಿಸಿಕೊಂಡ್ರೆ ಬಂದು ನೋಡಿಯೇಬಿಡ್ತಾನೆ.”

ಈ ಸಲ ಆಕೆಯ ಅಕ್ಕ ಸಮುದ್ರದ ದಂಡೆಯಲ್ಲೇ ಮನೆ ಮಾಡಿದ್ದರು. “ಇನ್ನು ಬರದಿದ್ದರೆ ನಿನ್ನ ಜೊತೆ ಮಾತೇ ಆಡುವುದಿಲ್ಲ” ಎಂದು ಫೋನಿನಲ್ಲಿ ಗದರಿದರು. ಫೋನಿಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಂಡ ಹೆಂಡತಿಯನ್ನು ಕಂಡು ಟೀಸಿಯವರ ಎದೆ ಕರಗಿತು. ಅಂದೇ ಅವರು ಭೀಷಣ ಘೋಷಣೆ ಮಾಡಿದರು. “ಟಿಕೆಟ್ ಮಾಡಿಸ್ತೀನಿ! ಇಬ್ಬರೂ ಹೋಗೋಣ! ನನ್ನ ಮನೆಯ ಕಡೆ ಕಣ್ಣೆತ್ತಿ ನೋಡೋ ಧೈರ್ಯ ಯಾವ ಕಳ್ಳನಿಗೂ ಇರಬಾರದು, ಹಾಗೆ ಮಾಡ್ತೀನಿ!”

ಸಂಜೆ ಅವರು ತಂದದ್ದು ನಾಲ್ಕು ಕ್ಯಾಮರಾ. ಕರಿ ಗಾಜಿನ ಗುಂಡು ಮುಖ, ಮಿಣಮಿಣ ಎನ್ನುವ ಕೆಂಪು ದೀಪ, ಹಿಂದೆ ಇಲಿಬಾಲದಂಥ ತುಂಡು ತಂತಿ. ತಂತಿ ಗೋಡೆಯೊಳಗೆ ಹೋದಂತೆ ಕಾಣುತ್ತಿತ್ತೇ ಹೊರತು ಎಲ್ಲಿಗೂ ಹೋಗಿರಲಿಲ್ಲ. ಒಳಗೆ ಎರಡು ಬ್ಯಾಟರಿ ಬಿಟ್ಟರೆ ಬರೀ ಗಾಳಿ!

ಹೆಂಡತಿ ದಿಗಿಲುಬಿದ್ದರು. “ಅಯ್ಯೋ! ಇದು ಏನೂ ನೋಡಲ್ವಾ?”

“ನನ್ನ ಕೋಟು ಏನಾದ್ರೂ ನೋಡ್ತಿತ್ತಾ? ಆದ್ರೂ ರೈಲಿಗೆ ರೈಲೇ ನಡುಗ್ತಿರಲಿಲ್ವಾ? ಇದೂ ಹಾಗೇ. ಈ ಗುಟ್ಟು ನಿನ್ನ ಬಾಯಿಂದ ಆಚೆ ಹೋಗಬಾರದು, ಅಷ್ಟೆ.”

ಗೇಟಿಗೊಂದು, ಮುಂಬಾಗಿಲಿಗೊಂದು, ಹಿತ್ತಲಿಗೊಂದು, ನಡುಮನೆಯಲ್ಲಿ ಕಪಾಟಿನ ನೆತ್ತಿಗೊಂದು. ಕಳ್ಳರು ಹೆದರಿದರೋ ಇಲ್ಲವೋ ಗೊತ್ತಿಲ್ಲ, ನಮ್ಮ ಬೀದಿ ಮಾತ್ರ ನಡುಗಿತು. ಎದುರಿನಲ್ಲೇ ಇದ್ದ ನಾನು ಬೆಳಗ್ಗೆ ಬನಿಯನ್ನಿನಲ್ಲಿ ಅಂಗಳಕ್ಕೆ ಬರುವುದನ್ನೇ ಬಿಟ್ಟೆ.

ಮರುದಿನವೇ ಪಕ್ಕದ ಮನೆಯ ಹಲ್ಲಿನ ಡಾಕ್ಟರಮ್ಮ ಬಂದರು.

“ಸಾರ್, ನಮ್ಮ ಗೇಟಿನ ಮುಂದೆ ಯಾರೋ ದಿನಾ ಕಸ ಸುರೀತಾರೆ. ನಿಮ್ಮ ಕ್ಯಾಮರಾದಲ್ಲಿ ಸ್ವಲ್ಪ ನೋಡಿ ಹೇಳ್ತೀರಾ?”

ಟೀಸಿಯವರು ಪೇಚಿಗೆ ಸಿಕ್ಕಿದರು. ಇಲ್ಲವೆಂದರೆ ಗುಟ್ಟು ರಟ್ಟಾಗುತ್ತದೆ, ಹೌದೆಂದರೆ ತೋರಿಸಲು ಏನಿದೆ? “ನಾಳೆ ಹೇಳ್ತೀನಮ್ಮ” ಎಂದು ಬಾಗಿಲು ಹಾಕಿಕೊಂಡರು. ಬೆಳಗಾಗುತ್ತಲೇ ಕಿಟಕಿಯ ಪರದೆಯ ಹಿಂದೆ ಸ್ಟೂಲು ಹಾಕಿಕೊಂಡು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತರು. ಅಗೋ, ಮೂಲೆಯಂಗಡಿಯ ದರ್ಜಿ! ಚಿಂದಿಬಟ್ಟೆಯ ಗಂಟನ್ನು ಡಾಕ್ಟರಮ್ಮನ ಗೇಟಿಗೆ ಒರಗಿಸಿ ಏನೂ ಅರಿಯದವನಂತೆ ನಡೆದುಬಿಟ್ಟ!

“ಕ್ಯಾಮರಾದಲ್ಲಿ ಸ್ಪಷ್ಟವಾಗಿ ಬಂದಿದೆ” ಎಂದು ಟೀಸಿಯವರು ತೀರ್ಪು ಕೊಟ್ಟರು. ದರ್ಜಿ ಬಿಳಿಚಿಕೊಂಡು ಕೈಮುಗಿದ.

ಅಲ್ಲಿಗೆ ಮುಗಿಯಿತು ನೋಡಿ ಅವರ ನೆಮ್ಮದಿ! ಹೂ ಕಿತ್ತವರು ಯಾರು, ಕಾರಿಗೆ ಗೀರಿದವರು ಯಾರು, ಮೆಟ್ಟಿಲ ಮೇಲೆ ಗಲೀಜು ಮಾಡಿದ ನಾಯಿ ಯಾರದು? ಇಡೀ ಬೀದಿಯ ಮೊಕದ್ದಮೆಗಳು ಆ ಮನೆಯ ಬಾಗಿಲು ತಟ್ಟಿದವು. ಟೀಸಿಯವರು ಬೆಳಗಿನಿಂದ ದೀಪ ಹಚ್ಚುವವರೆಗೂ ಸ್ಟೂಲು ಬಿಟ್ಟು ಏಳುವಂತಿಲ್ಲ. ಸೊಂಟ ಹಿಡಿಯಿತು, ಕತ್ತು ಒಂದೇ ಕಡೆ ತಿರುಗಿ ನಿಂತಿತು. ಹೆಂಡತಿ ಅಡುಗೆಮನೆಯಿಂದ ಕೂಗುತ್ತಿದ್ದರು.

“ಕ್ಯಾಮರಾಗೆ ಕಾಫಿ ಬೇಕಾ?”

“ಮೆತ್ತಗೆ ಮಾತಾಡೇ! ಸಕ್ಕರೆ ಕಡಿಮೆ ಹಾಕು.”

ಹೊರಡುವ ದಿನ ಬಂತು. ಹೆಂಡತಿ ಹೊಸ ಸೀರೆಯುಟ್ಟು, ಸೂಟ್‌ಕೇಸು ಹಿಡಿದು ನಿಂತರು. ಟೀಸಿಯವರು ಸ್ಟೂಲಿನ ಮೇಲೆಯೇ ಇದ್ದರು.

“ಏಳ್ರೀ, ರೈಲಿಗೆ ಹೊತ್ತಾಯ್ತು.”

“ನಾನು ಹೇಗೆ ಬರಲಿ? ನಾನು ಬಂದ್ರೆ ಕ್ಯಾಮರಾ ನಿಂತುಹೋಗುತ್ತಲ್ಲ!”

ಮನೆ ಬಿಟ್ಟು ಹೋಗಲೆಂದು ತಂದ ಕ್ಯಾಮರಾ, ಈಗ ಅದರಿಂದಲೇ ಮನೆ ಬಿಡುವಂತಿಲ್ಲ! ಕಣ್ಣು ತುಂಬಿ ಬಂದರೂ ಆಕೆ ಅಳಲಿಲ್ಲ. “ಸರಿ. ನೀವು ಕ್ಯಾಮರಾ ಆಗಿರಿ. ನಾನು ಮನುಷ್ಯಳು, ಸಮುದ್ರ ನೋಡಿ ಬರ್ತೀನಿ” ಎಂದು ಮೆಟ್ಟಿಲಿಳಿದುಬಿಟ್ಟರು. ಆ ಮಾತು ಟೀಸಿಯವರಿಗೆ ಚುಚ್ಚಿತು. ಸೂಟ್‌ಕೇಸನ್ನಾದರೂ ಹೊತ್ತು ಸ್ಟೇಷನ್ನಿಗೆ ಮುಟ್ಟಿಸೋಣ ಎಂದು ಮುಂಬಾಗಿಲಿಗೆ ತೆಂಗಿನಕಾಯಿ ಗಾತ್ರದ ಬೀಗ ಜಡಿದು, ಮೂರು ಸಲ ಜಗ್ಗಿ ನೋಡಿ ಹಿಂದೆಯೇ ಓಡಿದರು.

ಹಿಂಬಾಗಿಲ ಚಿಲಕ? ಅದನ್ನು ಹಾಕುವುದು ಮದುವೆಯಾದಾಗಿನಿಂದ ಹೆಂಡತಿಯ ಕೆಲಸ. ಅಂದು ಆಕೆ ಸಿಟ್ಟಿನಲ್ಲಿ ಮುಂಬಾಗಿಲಿನಿಂದಲೇ ಹೊರಟಿದ್ದರು. ಹಿಂಬಾಗಿಲು ಅಗಲಕ್ಕೆ ತೆರೆದೇ ಇತ್ತು!

ರೈಲು ಹತ್ತಿಸಿ ಬಂದ ಟೀಸಿಯವರು ಗೇಟಿನಲ್ಲಿ ಕಂಬದಂತೆ ನಿಂತರು. ಕ್ಯಾಮರಾ ಇದ್ದ ಜಾಗದಲ್ಲಿ ಇಲಿಬಾಲ ಮಾತ್ರ ಜೋತಾಡುತ್ತಿತ್ತು! ಮುಂಬಾಗಿಲಿನದೂ ಇಲ್ಲ, ಹಿತ್ತಲಿನದೂ ಇಲ್ಲ! ಹಾಡಹಗಲೇ! ಒಳಗೆ ನುಗ್ಗಿದರೆ ನಡುಮನೆಯದೂ ಮಾಯ, ಕಪಾಟು ಬಾಯಿ ತೆರೆದಿತ್ತು. ಅವರ ಜೀವ ಹಾರಿಹೋಗುವಂತಾದದ್ದು ಇನ್ನೊಂದನ್ನು ಕಂಡು. ಆ ಕಪ್ಪು ಕೋಟಿನ ಜೇಬುಗಳೆಲ್ಲ ಹೊರಕ್ಕೆ ನಾಲಗೆ ಚಾಚಿದ್ದವು! ತಲೆಮಾರುಗಳನ್ನೇ ಬೆವರಿಸಿದ ಕೋಟಿನ ಜೇಬನ್ನು ಒಬ್ಬ ಕಳ್ಳ ಕೈಹಾಕಿ ತಡಕಿದ್ದ!

ಅವರ ಕೂಗಿಗೆ ಬೀದಿಯೆಲ್ಲ ಓಡಿಬಂತು, ನಾನೂ ಓಡಿದೆ. ಡಾಕ್ಟರಮ್ಮ ಸಮಾಧಾನ ಹೇಳಿದರು. “ಹೆದರಬೇಡಿ ಸಾರ್! ಕ್ಯಾಮರಾ ಹೋದ್ರೆ ಹೋಗಲಿ, ರೆಕಾರ್ಡಿಂಗ್ ಒಳಗೇ ಇರುತ್ತಲ್ಲ. ಬಿಚ್ಚೋವಾಗ ಅವನು ಅದರ ಕಣ್ಣಲ್ಲಿ ಕಣ್ಣಿಟ್ಟೇ ಬಿಚ್ಚಿರ್ತಾನೆ. ಮುಖ ಪೂರ್ತಿ ಬಂದಿರುತ್ತೆ. ಹಾಕಿ ನೋಡೋಣ!”

“ಹಾಕಿ, ಹಾಕಿ!” ಎಂದಿತು ಬೀದಿ.

ಟೀಸಿಯವರ ಹಣೆಯಲ್ಲಿ ಬೆವರು ಸಾಲುಗಟ್ಟಿತು. ಅವರ ಕೈ ಸುಮ್ಮನೆ ಜೇಬು ತಡಕಿತು, ಟಿಕೆಟ್ಟಿಲ್ಲದವನ ಹಾಗೆ. ಕೊನೆಗೆ ನೆಲ ನೋಡುತ್ತ ಅಂದರು. “ಅದು... ಒಳಗೆ ಏನೂ ಇಲ್ಲ. ಬರೀ ದೀಪ.”

ದರ್ಜಿ ಗುಂಪನ್ನು ಸರಿಸಿಕೊಂಡು ಮುಂದೆ ಬಂದ.

“ಹಾಗಾದ್ರೆ ಅವತ್ತು ನನ್ನನ್ನ ನೋಡಿದ್ದು?”

“ನಾನೇ. ಪರದೆ ಹಿಂದೆ ಕೂತು.”

“ಛೆ! ಕ್ಯಾಮರಾ ಅಂತ ನಾನು ಕೈಮುಗಿದುಬಿಟ್ಟೆನಲ್ಲ ಸಾರ್! ನೀವು ಅಂತ ಗೊತ್ತಿದ್ರೆ ವಾದ ಮಾಡ್ತಿದ್ದೆ.”

ಮರುದಿನ ಬೆಳಗ್ಗೆ ಇನ್ನೂ ದೊಡ್ಡ ಆಘಾತ ಕಾದಿತ್ತು. ಗೇಟಿಗೆ ಒಂದು ಚೀಲ ತೂಗಾಡುತ್ತಿತ್ತು. ಒಳಗೆ ನಾಲ್ಕೂ ಕ್ಯಾಮರಾ! ಬ್ಯಾಟರಿಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕಳ್ಳ ಮರಳಿಸಿದ್ದ! ಟೀಸಿಯವರು ಹೌಹಾರಿ ಹೆಂಡತಿಗೆ ಫೋನು ಹಚ್ಚಿದರು. ಆ ಕಡೆಯಿಂದ ಮೊದಲು ಕೇಳಿಸಿದ್ದು ಅಲೆಗಳ ಸದ್ದು.

“ಅನ್ಯಾಯ ಆಗಿಹೋಯ್ತು ಕಣೇ! ಕಳ್ಳ ಮನೆಯೊಳಗೆ ಬಂದಿದ್ದ!”

“ಅಯ್ಯೋ ದೇವರೇ! ನಿಮಗೇನೂ ಆಗಿಲ್ಲ ತಾನೆ? ಏನು ಒಯ್ದ?”

“ಅದೇ ಕಣೇ! ಕಪಾಟು ತೆಗೆದಿದ್ದಾನೆ, ಪೆಟ್ಟಿಗೆ ತೆಗೆದಿದ್ದಾನೆ, ನನ್ನ ಕೋಟು ಜಾಲಾಡಿದ್ದಾನೆ. ಏನೂ ಒಯ್ದಿಲ್ಲ! ಮನೆಯಲ್ಲೆಲ್ಲ ಬೆಲೆ ಬಾಳೋದು ಕ್ಯಾಮರಾ ಒಂದೇ ಅಂತ ಅದನ್ನ ಒಯ್ದ. ಈಗ ಅದನ್ನೂ ತಂದು ಕೊಟ್ಟಿದ್ದಾನೆ! ನಮ್ಮ ಮನೇಲಿ ಕದಿಯೋಕೆ ಏನೂ ಇಲ್ವೇನೇ?”

ಆ ಕಡೆ ಅಲೆಯೊಂದು ಬಂದು ಹೋಯಿತು.

“ಮದುವೆಯಾದಾಗಿನಿಂದ ನಾನು ಅದನ್ನೇ ಹೇಳ್ತಿದ್ದೆ. ನನ್ನ ಮಾತು ನಂಬಲಿಲ್ಲ, ಕಳ್ಳನ ಮಾತಾದ್ರೂ ನಂಬಿ. ಸಂಜೆ ರೈಲಿಗೆ ಬಂದುಬಿಡಿ. ಇಲ್ಲಿ ನೀರು ಚೆನ್ನಾಗಿದೆ.”

ಅಂದಿನಿಂದ ಟೀಸಿಯವರು ಬದಲಾದ ಮನುಷ್ಯ. ಈಗಲೂ, ನಾನು ಇದನ್ನು ಬರೆಯುವ ಹೊತ್ತಿಗೆ, ಗಂಡಹೆಂಡತಿ ಇಬ್ಬರೂ ಸಮುದ್ರದಂಡೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾರೆ. ಅಂದು ಸಂಜೆ ಹೊರಡುವ ಮುನ್ನ ಟೀಸಿಯವರು ಬೀಗದಕೈಯನ್ನು ನನ್ನ ಕೈಗಿಟ್ಟರು. “ಸ್ವಲ್ಪ ಕಣ್ಣಿಟ್ಟಿರಿ ಮೇಷ್ಟ್ರೇ” ಎಂದರು.

ನಾನು ಗಹಗಹಿಸಿ ನಕ್ಕೆ. “ಕಳ್ಳನೇ ಬೇಡ ಅಂದ ಮನೆಗೆ ಕಾವಲೇನ್ರೀ? ನಿಶ್ಚಿಂತೆಯಾಗಿ ಹೋಗಿ ಬನ್ನಿ!” ಎಂದು ಎದೆ ತಟ್ಟಿ ಹೇಳಿದೆ.

ಅವರ ಆಟೋ ತಿರುವಿನಲ್ಲಿ ಮರೆಯಾಯಿತು. ಆಮೇಲೆ ಯೋಚಿಸಿದೆ. ಆ ಕಳ್ಳ ಬೇಡ ಅಂದ ನಿಜ, ಇನ್ನೊಬ್ಬ ಕಳ್ಳನಿಗೆ ಅದು ಗೊತ್ತಿರಬೇಕಲ್ಲ! ಏನಾದರೂ ಆದರೆ ಬೀಗದಕೈ ಇದ್ದದ್ದು ಯಾರ ಹತ್ತಿರ? ನನ್ನ ಅಂಗೈ ಬೆವರಿತು. ಸುಮ್ಮನೆ ಒಂದು ಸ್ಟೂಲು ತಂದು ಕಿಟಕಿಯ ಬಳಿ ಹಾಕಿಕೊಂಡೆ, ಪರದೆಯನ್ನು ಒಂದಿಷ್ಟೇ ಸರಿಸಿದೆ.

ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು.

“ಕ್ಯಾಮರಾಗೆ ಕಾಫಿ ಬೇಕಾ?”