ಸಿಡಿಲುಗೈಯ ದ್ವಿತೀಯಾರ್ಧ

ಸ್ಟೂಲಿನ ಮೇಲೆ ನಿಂತಿರುವಾಗ ಸಂತೋಷದ ಸುದ್ದಿ ಕೇಳಬಾರದು. ಬೇಕರಿಯಲ್ಲಿ ಬ್ರೆಡ್ ಬೇಯಿಸುವವನ ಹೆಂಡತಿ ಕೇಳಿದಳು. ಅಟ್ಟದ ಮೇಲಿನ ಡಬ್ಬ ಇಳಿಸುತ್ತಿದ್ದವಳಿಗೆ ಗಂಡ ಬಾಗಿಲಲ್ಲೇ ನಿಂತು, "ಸಿಡಿಲುಗೈ ಎರಡನೇ ಭಾಗಕ್ಕೆ ಟಿಕೆಟ್ ಸಿಕ್ತು ಕಣೇ, ಮೊದಲ ದಿನ, ಮೊದಲ ಆಟ" ಅಂದ. ಅವಳು ನಿಂತಲ್ಲೇ ಕುಣಿದಳು. ಕುಣಿತ ಚೆನ್ನಾಗಿಯೇ ಇತ್ತು, ಸ್ಟೂಲಿಗೆ ಮಾತ್ರ ತಾಳ ಸಿಗಲಿಲ್ಲ. ಬಲಗಾಲಿಗೆ ಮಂಡಿ ದಾಟುವಷ್ಟು ಪ್ಲಾಸ್ಟರ್ ಬಿತ್ತು.

ಕುಣಿದದ್ದಕ್ಕೆ ಕಾರಣವಿತ್ತು. ಮೊದಲ ಭಾಗವನ್ನು ಇಬ್ಬರೂ ಮದುವೆಗೆ ಮುಂಚೆ, ಮನೆಯವರ ಕಣ್ಣು ತಪ್ಪಿಸಿ ನೋಡಿದ್ದರು. ಅಂಗೈಯಿಂದ ಸಿಡಿಲು ಹಾರಿಸುವ ಆ ವೀರ ಕೊನೆಯ ದೃಶ್ಯದಲ್ಲಿ ಮುರಿದ ಸೇತುವೆಗೆ ಒಂದೇ ಕೈಯಲ್ಲಿ ಜೋತುಬಿದ್ದಿದ್ದ. ಮುಸುಕಿನ ಖಳ ಅವನ ಬೆರಳುಗಳ ಮೇಲೆ ಬೂಟು ಇಟ್ಟಿದ್ದ. ಅಲ್ಲಿಗೆ ದೀಪ ಹತ್ತಿಕೊಂಡಿತ್ತು. ಅಂದಿನಿಂದ ಎಂಟು ವರ್ಷ ಅವನು ಹಾಗೇ ಜೋತಾಡುತ್ತಿದ್ದ. ಅಷ್ಟರಲ್ಲಿ ಇವರಿಗೆ ಮದುವೆಯಾಯಿತು, ಮೂರು ಮನೆ ಬದಲಾಯಿತು, ಬೇಕರಿಯವನ ಮುಂದಲೆಯ ಕೂದಲು ಹೇಳದೆ ಕೇಳದೆ ಹೊರಟುಹೋಯಿತು.

ಆಟದ ಹಿಂದಿನ ದಿನ ಅವನು ಟಿಕೆಟ್ ಹರಿದುಹಾಕುತ್ತೇನೆ ಅಂದ. ಹೆಂಡತಿ ಬಿಡಲಿಲ್ಲ.

"ಒಬ್ಬರಾದ್ರೂ ನೋಡ್ಬೇಕು. ನನ್ನ ಸೀಟು ಖಾಲಿ ಇರ್ಲಿ, ನಾನೇ ಕೂತಿದ್ದೀನಿ ಅಂದ್ಕೊಳ್ಳಿ. ಬಂದು ಪೂರ್ತಿ ಕತೆ ಹೇಳಿ. ಒಂದು ಫೈಟೂ ಬಿಡಬಾರದು."

"ನಂಗೆ ಕತೆ ಹೇಳೋಕೆ ಬರಲ್ಲ ಕಣೇ."

"ನೋಡೋಕೆ ಬರುತ್ತಲ್ಲ? ನೋಡಿದ್ದನ್ನ ಹೇಳಿದ್ರೆ ಆಯ್ತು."

ತೊಂದರೆ ಬಂದದ್ದು ಅಲ್ಲೇ. ಮರುದಿನ ಅವನು ಬೆಳಕು ಹರಿಯುವ ಮೊದಲೇ ಎದ್ದು ಒಲೆ ಹೊತ್ತಿಸಿ, ದಿನದ ಬ್ರೆಡ್ಡೆಲ್ಲ ಬೇಯಿಸಿ, ಹಿಟ್ಟಿನ ಮೈಯಲ್ಲೇ ಥಿಯೇಟರಿಗೆ ಓಡಿದ್ದ.

ಸಿನಿಮಾದ ಮೊದಲರ್ಧ ತನಗೆ ಹಿಡಿಸಿತೋ ಇಲ್ಲವೋ ಎಂದು ಅವನಿಗೇ ತಿಳಿಯಲಿಲ್ಲ. ಸಿಡಿಲುಗೈ ತೆರೆಯ ಮೇಲೆ ಬಂದಾಗ, ಬಹಳ ದಿನದ ಮೇಲೆ ಬಂದ ತಮ್ಮನನ್ನು ಕಂಡಂತೆ ಸೀಟಿನಿಂದ ಅರ್ಧ ಎದ್ದ. ಆದರೆ ತಮ್ಮನಿಗೆ ಹೊಟ್ಟೆ ಬಂದಿತ್ತು. ಅದನ್ನು ಕ್ಷಮಿಸಬಹುದಿತ್ತು, ತನಗೂ ಬಂದಿದೆ. ಸೇತುವೆಯಿಂದ ಅವನು ಹೇಗೆ ಪಾರಾದಾನು ಎಂದು ಗಂಡ ಹೆಂಡತಿ ಎಂಟು ವರ್ಷ ಊಟದ ತಟ್ಟೆ ಒಣಗುವವರೆಗೆ ವಾದ ಮಾಡಿದ್ದರು. ಸಿನಿಮಾ ಅದನ್ನು ಒಂದೇ ಮಾತಿನಲ್ಲಿ ಮುಗಿಸಿತು: ಕೆಳಗೆ ದೋಣಿ ಇತ್ತು. ಆಮೇಲೆ ದೊಡ್ಡ ಮೇಜಿನ ಸುತ್ತ ಕೋಟು ಹಾಕಿದವರು ಕೂತು ಪ್ರಪಂಚ ಉಳಿಸುವ ವಿಚಾರವಾಗಿ ಸಭೆ ನಡೆಸಿದರು. ಸಭೆ ಮುಗಿಯುವ ಲಕ್ಷಣ ಕಾಣಲಿಲ್ಲ. ಮಧ್ಯಂತರ ಮುಗಿದು ದೀಪ ಆರಿದಾಗಲೂ ಸಭೆ ನಡೆದೇ ಇತ್ತು. ತಣ್ಣಗಿನ ಗಾಳಿ, ಮೆತ್ತನೆಯ ಸೀಟು. ಬೇಕರಿಯವನು ಹೆಂಡತಿಯ ಖಾಲಿ ಸೀಟಿನ ಕಡೆ ಸ್ವಲ್ಪ ವಾಲಿದ.

"ಎದ್ದೇಳಿ ಸಾರ್, ಪಿಚ್ಚರ್ ಮುಗೀತು. ಗುಡಿಸಬೇಕು."

ಕಣ್ಣು ಬಿಟ್ಟರೆ ಎದುರಿಗೆ ಪೊರಕೆ ಹಿಡಿದ ಹೆಂಗಸು, ಬಿಳೀ ತೆರೆ. ಅವನ ಜೀವ ಪಾದಕ್ಕಿಳಿಯಿತು. ಮನೆಯಲ್ಲಿ ಹೆಂಡತಿ ಪ್ಲಾಸ್ಟರ್ ಕಾಲು ದಿಂಬಿನ ಮೇಲಿಟ್ಟುಕೊಂಡು, ಕಿವಿಯನ್ನು ಬಾಗಿಲಿಗೆ ಕೊಟ್ಟು ಕಾಯುತ್ತಿದ್ದಾಳೆ.

ಹೊರಗೆ ಔಷಧಿ ಅಂಗಡಿಯವರು ಸಿಕ್ಕಿದರು. ಅದೇ ಆಟ ನೋಡಿ ಬಂದವರು. ನಿದ್ದೆ ಮಾಡಿದೆ ಎಂದು ಬಾಯಿಬಿಟ್ಟರೆ ಊರಿಗೆಲ್ಲ ಗುಳಿಗೆಯ ಜೊತೆ ಹಂಚುತ್ತಾರೆ. ಬೇಕರಿಯವನು ಸುತ್ತುಬಳಸಿ ಕೇಳಿದ.

"ಕೊನೇದು ಹೇಗನ್ನಿಸ್ತು ಸಾರ್?"

"ಏನು ಹೇಳ್ಲಿ? ಒಂದು ಕಡೆ ಖುಷಿ, ಒಂದು ಕಡೆ ಬೇಜಾರು. ಹಾಗೆ ಮಾಡಬಾರದಿತ್ತು. ಆದ್ರೆ ಮಾಡಿದ್ದೇ ಒಳ್ಳೇದಾಯ್ತು ಅಂತಾನೂ ಅನ್ಸುತ್ತೆ."

"ಯಾವುದನ್ನ?"

"ಅದನ್ನೇ."

ಬೇಕರಿಯವನು ತಲೆಯಾಡಿಸಿದ. ಮುಂದೆ ತನ್ನ ಬೇಕರಿಯ ಯಜಮಾನರೇ ಸ್ಕೂಟರ್ ಹೊರಡಿಸುತ್ತಿದ್ದರು. ಅವರೂ ನೋಡಿದ್ದರು.

"ಖಳ ಹೇಗಿದ್ದ ಯಜಮಾನ್ರೇ? ಆ ಕೊನೇ ಗಳಿಗೇಲಿ?"

"ನಾನು ಅಂದ್ಕೊಂಡ ಹಾಗೇ ಆಯ್ತು ನೋಡು. ಆದ್ರೆ ಅಂದ್ಕೊಂಡ ಹಾಗೆ ಆಗ್ಬಾರ್ದು ಅಂತ ಇತ್ತು ನಂಗೆ" ಎಂದು ಯಜಮಾನರು ನಿಟ್ಟುಸಿರು ಬಿಟ್ಟು ಸ್ಕೂಟರ್ ಬಿಟ್ಟರು.

ಬೆಟ್ಟ ಅಗೆದರೂ ಇಲಿಯ ಬಾಲ ಕೂಡ ಸಿಗಲಿಲ್ಲ. ಮನೆಗೆ ಬಂದರೆ ಅವಳು ಒಬ್ಬಳೇ ಇರಲಿಲ್ಲ. ಮಂಚದ ಪಕ್ಕ ಎದುರುಮನೆಯ ಟೈಲರ್ ಅಕ್ಕ, ಅವಳ ಗಂಡ ಪ್ಲಂಬರ್, ಮಹಡಿ ಮನೆಯ ನಿವೃತ್ತ ಗಣಿತ ಮೇಷ್ಟ್ರು ಕುರ್ಚಿ ಹಾಕಿಕೊಂಡು ಕೂತಿದ್ದರು.

"ಇವರಿಗೆ ಟಿಕೆಟ್ ಸಿಗ್ಲಿಲ್ವಂತೆ, ಕತೆಯಾದ್ರೂ ಕೇಳ್ತೀವಿ ಅಂದ್ರು. ಶುರು ಮಾಡಿ" ಅಂದಳು ಹೆಂಡತಿ.

ಮೊದಲರ್ಧವನ್ನು ಅವನು ಪ್ರಾಮಾಣಿಕವಾಗಿ ಹೇಳಿದ. ದೋಣಿಯ ವಿಷಯಕ್ಕೆ ಮೇಷ್ಟ್ರು ಮುಖ ಸಿಂಡರಿಸಿದರು. ಮಧ್ಯಂತರ ಬಂತು ಎಂದು ಒಳಗೆ ಹೋಗಿ ಒಂದು ಚೊಂಬು ನೀರು ಕುಡಿದು ಬಂದ. ನಾಲ್ಕು ಜೊತೆ ಕಣ್ಣು ಅವನ ಬಾಯಿಯನ್ನೇ ನೋಡುತ್ತಿದ್ದವು.

"ಆಮೇಲೆ," ಅಂದ. "ಆಮೇಲೆ ಖಳ ಅವನನ್ನ ಹಿಡಿದು ಒಂದು ಕೋಣೇಲಿ ಕೂಡಿಹಾಕ್ತಾನೆ. ಕಬ್ಬಿಣದ ಬಾಗಿಲು. ಸಿಡಿಲು ಹೊಡೆದ್ರೆ ವಾಪಸ್ಸು ಅವನ ಮೈಗೇ ಬರುತ್ತೆ."

"ಮತ್ತೆ ಹೇಗೆ ತಪ್ಪಿಸ್ಕೊಂಡ?" ಅಂದ ಪ್ಲಂಬರ್.

ಬೇಕರಿಯವನು ತಲೆಯೊಳಗೆಲ್ಲ ತಡಕಾಡಿದ. ಅಲ್ಲಿ ಇದ್ದದ್ದು ಒಂದೇ ವಸ್ತು.

"ಹಿಟ್ಟು" ಅಂದ.

"ಹಿಟ್ಟಾ?" ಟೈಲರ್ ಅಕ್ಕ ಮುಂದಕ್ಕೆ ಬಾಗಿದಳು.

"ಅದು ಮಿಲ್ಲಿನ ಉಗ್ರಾಣ. ಕಲಸಿಟ್ಟ ಹಿಟ್ಟು, ಯೀಸ್ಟ್ ಹಾಕಿದ್ದು. ಸಿಡಿಲುಗೈ ಯೋಚನೆ ಮಾಡ್ತಾನೆ. ಸಿಡಿಲು ಹೊಡೆಯೋಕೆ ಹೋಗಲ್ಲ. ಅಂಗೈನ ಸುಮ್ನೆ ಹಿಟ್ಟಿನ ಮೇಲೆ ಇಡ್ತಾನೆ, ಮಗುವಿನ ಹಣೆ ಮುಟ್ಟಿ ನೋಡ್ತಾರಲ್ಲ, ಹಾಗೆ. ಬಿಸಿ ಜಾಸ್ತಿಯಾದ್ರೆ ಯೀಸ್ಟ್ ಸಾಯುತ್ತೆ, ಕಡಿಮೆಯಾದ್ರೆ ಉಬ್ಬಲ್ಲ. ಜೀವಮಾನ ಪೂರ್ತಿ ಗುಡುಗಿದವನು ಮೊದಲನೇ ಸಲ ಮೆತ್ತಗಾಗ್ತಾನೆ. ಹಿಟ್ಟು ಉಬ್ಬುತ್ತೆ, ಮಂಡಿವರೆಗೆ ಬರುತ್ತೆ, ಎದೆವರೆಗೆ ಬರುತ್ತೆ, ಕೊನೆಗೆ ಬಾಗಿಲನ್ನೇ ಕಿತ್ತು ಹೊರಗೆ ಎಸೆಯುತ್ತೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಲೆಕ್ಕಾಚಾರ ಸರಿಯಾಗಿದೆ" ಅಂದರು.

ಆ ಒಂದು ಮಾತಿಗೆ ಬೇಕರಿಯವನಿಗೆ ಕೋಡು ಮೂಡಿತು. ಖಳನ ಮುಸುಕು ಕಳಚಿದ. ಒಳಗಿದ್ದದ್ದು ಗಂಡಸೇ ಅಲ್ಲ, ಸಿಡಿಲುಗೈಯನ್ನು ಎತ್ತಿ ಆಡಿಸಿದ ಅವನ ಅಕ್ಕ. ಚಿಕ್ಕಂದಿನಲ್ಲಿ ಅವನ ಕೈ ತಗುಲಿಯೇ ಅವಳ ಮುಖ ಸುಟ್ಟಿತ್ತು. ಮನೆಯವರು ಅದನ್ನು ಅವನಿಂದ ಮುಚ್ಚಿಟ್ಟು ಅವಳನ್ನು ದೂರ ಕಳಿಸಿದ್ದರು. ಅಕ್ಕ ಕತ್ತಿ ಎತ್ತುತ್ತಾಳೆ. ತಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾನೆ. ಕತ್ತಿ ಕೆಳಗೆ ಬೀಳುತ್ತದೆ.

ಟೈಲರ್ ಅಕ್ಕ ಸೆರಗು ಕಣ್ಣಿಗೊತ್ತಿಕೊಂಡಳು. ಪ್ಲಂಬರ್ ಗೋಡೆಯ ನಲ್ಲಿಯನ್ನು ಬಹಳ ಹೊತ್ತು ಪರೀಕ್ಷಿಸಿದ. ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದಳು.

ಕತೆ ಅಲ್ಲಿಗೆ ನಿಂತಿದ್ದರೆ ಒಳ್ಳೆಯದಿತ್ತು. ಆದರೆ ಮೇಷ್ಟ್ರು ಎದ್ದು, "ಆ ಅಕ್ಕನನ್ನ ಕಣ್ಣಾರೆ ನೋಡಲೇಬೇಕು. ಮಧ್ಯಾಹ್ನದ ಆಟಕ್ಕೆ ಹೇಗಾದ್ರೂ ಒಳಗೆ ನುಗ್ಗೋಣ" ಅಂದರು.

"ಬೇಡಿ ಮೇಷ್ಟ್ರೇ, ಕತೆ ಗೊತ್ತಾಯ್ತಲ್ಲ, ಇನ್ನೇನು ಮಜಾ ಇರುತ್ತೆ?"

"ಗೊತ್ತಿದ್ದೇ ಅಳಬೇಕು ಕಣಯ್ಯಾ, ಅದೇ ಮಜಾ."

ಅವರು ಹೊರಟರು. ಹೋಗುವ ದಾರಿಯಲ್ಲಿ ಟೈಲರ್ ಅಕ್ಕ ಪ್ರತಿ ಬಾಗಿಲಲ್ಲೂ ನಿಂತು ಹಿಟ್ಟಿನ ದೃಶ್ಯ ಹೇಳಿದ್ದು ಕಿಟಕಿಯಿಂದ ಕೇಳುತ್ತಿತ್ತು. ಬೀದಿಯ ಅರ್ಧ ಜನ ಚಪ್ಪಲಿ ಮೆಟ್ಟಿದರು. ಬೇಕರಿಯವನು ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನ ಹಾಗೆ, ನುಂಗಲಾರದೆ ಉಗುಳಲಾರದೆ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ಮತ್ತೆ ತೊಳೆದ.

ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಗದ್ದಲ. ಮುಂದೆ ಮೇಷ್ಟ್ರು, ಹಿಂದೆ ಬೀದಿಯ ಜನ, ನಡುವೆ ಟೈ ಸಡಿಲವಾಗಿ ಬೆವತುಹೋದ ಒಬ್ಬ ಮನುಷ್ಯ. ಥಿಯೇಟರಿನ ಮ್ಯಾನೇಜರ್.

"ಕತ್ತರಿಸಿದ್ದಾರೆ" ಎಂದು ಮೇಷ್ಟ್ರು ಘೋಷಿಸಿದರು. "ಬೆಳಗಿನ ಆಟದಲ್ಲಿದ್ದ ಅಕ್ಕ ಮಧ್ಯಾಹ್ನ ಇಲ್ಲ. ಹಿಟ್ಟೂ ಇಲ್ಲ. ಇವರನ್ನ ಕೇಳಿದ್ರೆ ಯಾವ ಅಕ್ಕ ಅಂತಾರೆ. ಸಾಕ್ಷಿ ಇದ್ದಾರೆ ಅಂತ ಕರ್ಕೊಂಡೇ ಬಂದೆ."

"ಸಾರ್," ಅಂದ ಮ್ಯಾನೇಜರ್ ದೀನನಾಗಿ. "ಎಲ್ರೂ ಸೀಟಿಂದ ಎದ್ದು 'ಹಿಟ್ಟಿನ ಸೀನ್ ಹಾಕಿ' ಅಂತ ಕೂಗಿದ್ರು. ಆ ಕತೆ ಕೇಳದವರೂ ಕೂಗೋಕೆ ಶುರು ಮಾಡಿದ್ರು. ನೀವೇ ಹೇಳಿ, ಬೆಳಗ್ಗೆ ನೀವು ಏನು ನೋಡಿದ್ರಿ?"

ಬೇಕರಿಯವನು ಹೆಂಡತಿಯ ಕಡೆ ನೋಡಿದ. ಪ್ಲಾಸ್ಟರ್ ಕಾಲಿನ ಕಡೆ ನೋಡಿದ. ಆಮೇಲೆ ನೆಲ ನೋಡುತ್ತ, "ನಾನು ಏನೂ ನೋಡ್ಲಿಲ್ಲ. ನಿದ್ದೆ ಮಾಡ್ಬಿಟ್ಟೆ" ಅಂದ. "ಕ್ಷಮಿಸು ಕಣೇ. ನೀನು ಕೇಳಿದ್ದು ಅದೊಂದೇ. ಅದೂ ನನ್ನ ಕೈಲಿ ಆಗ್ಲಿಲ್ಲ."



"ಗೊತ್ತಿತ್ತು" ಅಂದಳು ಹೆಂಡತಿ. "ಮನೆಗೆ ಬಂದಾಗ ನಿಮ್ಮ ಎಡಗೆನ್ನೆ ಮೇಲೆ ಸೀಟಿನ ಗೆರೆ ಸಾಲಾಗಿ ಮೂಡಿತ್ತು."

"ಮತ್ತೆ ಯಾಕೆ ಸುಮ್ನಿದ್ದೆ? ಕತೆ ಯಾಕೆ ಹೇಳಿಸಿದೆ?"

"ನೀವು ಬರೋಕೆ ಮುಂಚೆ, ಅದೇ ಆಟ ನೋಡಿದ ನನ್ನ ಗೆಳತಿ ಫೋನ್ ಮಾಡಿ ಪೂರ್ತಿ ಸಿನಿಮಾ ಹೇಳಿಬಿಟ್ಟಿದ್ಲು. ಕೊನೇಲಿ ಸಿಡಿಲುಗೈ ಸತ್ತೋಗ್ತಾನಂತೆ. ಎಂಟು ವರ್ಷ ಕಾದಿದ್ದು ಇದಕ್ಕಾ ಅಂತ ಒಬ್ಬಳೇ ಅತ್ತೆ. ಆಮೇಲೆ ನೀವು ಬಂದ್ರಿ. ನಿಮ್ಮ ಕತೇಲಿ ಅವನು ಬದುಕಿದ."

ಮ್ಯಾನೇಜರ್ ಮೆಲ್ಲಗೆ ಕುರ್ಚಿ ಎಳೆದುಕೊಂಡು ಕೂತ. "ನಂಗೂ ಸಾಕಾಗಿದೆಯಮ್ಮಾ. ಬೆಳಗಿಂದ ಪ್ರತಿ ಆಟದಲ್ಲೂ ಅವನು ಸಾಯೋದನ್ನ ನಿಂತ್ಕೊಂಡು ನೋಡ್ತಿದ್ದೀನಿ" ಅಂದ.

ಬೇಕರಿಯವನಿಗೆ ಹೋದ ಜೀವ ಬಂದಂತಾಯಿತು. ಜನ ಈಗ ಬೈದು ಹೊರಡುತ್ತಾರೆ, ಊಟ ಮುಗಿಸಿ ಮಲಗಬಹುದು, ನಸುಕಿಗೇ ಒಲೆ ಹೊತ್ತಿಸಬೇಕು ಎಂದು ಲೆಕ್ಕ ಹಾಕಿದ. ಆದರೆ ಯಾರೂ ಅಲ್ಲಾಡಲಿಲ್ಲ. ಮೇಷ್ಟ್ರು ಗಂಭೀರವಾಗಿ ಗಂಟಲು ಸರಿಪಡಿಸಿಕೊಂಡರು.

"ಹಾಗಾದ್ರೆ ಒಂದು ವಿಷಯ ಸ್ಪಷ್ಟ. ಅವರ ಕಡೆ ಸಿಡಿಲುಗೈ ಸತ್ತ. ಅಲ್ಲಿಂದ ಮೂರನೇ ಭಾಗ ಬರೋ ಹಾಗಿಲ್ಲ."

"ಇಲ್ಲ" ಎಂದು ಮ್ಯಾನೇಜರ್ ಒಪ್ಪಿಕೊಂಡ.

"ಬದುಕಿರೋದು ಇವನ ಹತ್ರ ಮಾತ್ರ."

ಹಾಗೆಂದದ್ದೇ ತಡ, ಜನ ಚಪ್ಪಲಿ ಬಿಟ್ಟು ಒಳಗೆ ಬರತೊಡಗಿದರು. ಕುರ್ಚಿ ಸಾಲದೆ ನೆಲದ ಮೇಲೆ ಕೂತರು. ಹೆಂಡತಿ ಎರಡೂ ಕೈಯಲ್ಲಿ ಪ್ಲಾಸ್ಟರ್ ಕಾಲನ್ನು ಪಕ್ಕಕ್ಕೆ ಸರಿಸಿ ಟೈಲರ್ ಅಕ್ಕನಿಗೆ ಮಂಚದಲ್ಲಿ ಜಾಗ ಮಾಡಿಕೊಟ್ಟಳು.

"ಪ್ಲಾಸ್ಟರ್ ಬಿಚ್ಚೋವರೆಗೆ ದಿನಾ ಇಷ್ಟಿಷ್ಟೇ ಹೇಳಿ ಸಾಕು, ರೀ" ಅಂದಳು, ದೊಡ್ಡ ಮನಸ್ಸು ಮಾಡಿ. "ಇವತ್ತು ಅಕ್ಕ ಕತ್ತಿ ಬಿಟ್ಟಮೇಲೆ ಎಲ್ಲಿಗೆ ಹೋದ್ಲು, ಅದೊಂದು ಹೇಳಿ."

ಬೇಕರಿಯವನು ಸುತ್ತ ನೋಡಿದ. ಬಾಗಿಲ ಹತ್ತಿರವೂ ಜನ ಕೂತುಬಿಟ್ಟಿದ್ದರು. ತಲೆಯೊಳಗೆ ಮತ್ತೆ ತಡಕಾಡಿದ. ಇದ್ದ ಹಿಟ್ಟೆಲ್ಲ ಮಧ್ಯಾಹ್ನವೇ ಖರ್ಚಾಗಿತ್ತು.